ಕೈ ಇಂಪ್ಯಾಕ್ಟ್ ಡ್ರೈವರ್: ಹಳೆಯ ಬೋಟ್ ಎಂಜಿನ್ನಿನ ಜಾಮ್ ಆದ ಬೋಲ್ಟುಗಳ ಮೇಲೆ ವರ್ಷಗಳ ಬಳಕೆಯ ನಂತರ

ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಕೈ ಇಂಪ್ಯಾಕ್ಟ್ ಡ್ರೈವರ್ ಒಂದನ್ನು ನಾನು ಹಲವು ವರ್ಷಗಳಿಂದ ತುಮಕೂರಿನ ನನ್ನ ಶೆಡ್ಡಿನಲ್ಲಿ ಬಳಸುತ್ತಿದ್ದೇನೆ. ಇಲ್ಲಿಗೆ ಬರುವ ಕೆಲಸದಲ್ಲಿ ಹೆಚ್ಚಿನದು ಡೀಸೆಲ್ ಪಂಪ್‌ಸೆಟ್ಟು, ಪವರ್ ಟಿಲ್ಲರುಗಳದು. ಅವುಗಳಿಗೆ ಒಳ್ಳೆಯ ರಿಂಗ್ ಸ್ಪ್ಯಾನರ್ ಮತ್ತು ಅದರ ಹಿಡಿಗೆ ತೊಡಿಸುವ ಒಂದು ಉದ್ದನೆಯ ಪೈಪು ಇದ್ದರೆ ಸಾಕಾಗುತ್ತದೆ. ಈ ಉಪಕರಣದ ನಿಜವಾದ ಪರೀಕ್ಷೆ ನಡೆದದ್ದು, ಕುಣಿಗಲ್ ಕಡೆಯ ಮೀನು ಹಿಡಿಯುವವರು ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಆಗಿ ತಂದ, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳ ಮೇಲೆ. ಕೆರೆ, ಜಲಾಶಯಗಳ ಸಿಹಿನೀರಿನಲ್ಲೇ ದುಡಿದ ಎಂಜಿನ್ನು ಇಷ್ಟೊಂದು ಕಾಡುವುದಿಲ್ಲ.

ಕಾರಣ ಸರಳವಾಗಿದೆ. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಇವೆರಡರ ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯೊಳಗೆ ನಡೆಯುವ ಕ್ರಿಯೆಯೇ ಇಲ್ಲಿಯೂ ನಡೆದು ಅಲ್ಯೂಮಿನಿಯಂ ಕರಗುತ್ತದೆ, ಹಾಗೆ ಹುಟ್ಟಿದ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬೋಲ್ಟಿನ ಸುತ್ತ ಬಿಗಿದು ಕೂರುತ್ತದೆ. ಕಬ್ಬಿಣದ ತುಕ್ಕಿಗಾಗಿ ಮಾರುವ ಸ್ಪ್ರೇಗಳು ಈ ಪುಡಿಯನ್ನು ಕರಗಿಸುವುದಿಲ್ಲ. ಸಂದು ಸಿಕ್ಕಲ್ಲಿ ನಿಧಾನವಾಗಿ ಇಳಿದು ಜಾರಿಕೆ ಕೊಡುತ್ತವೆ, ಅಷ್ಟೇ. ಆದ್ದರಿಂದ ರಾತ್ರಿಯಿಡೀ ನೆನೆಯಲು ಬಿಡದೆ, ಸ್ಪ್ರೇ ಹೊಡೆದ ಕೂಡಲೇ ಸ್ಪ್ಯಾನರ್ ಹಾಕುವುದರಲ್ಲಿ ಅರ್ಥವಿಲ್ಲ.

ಡ್ರೈವರಿನ ಒಳಗೆ ಓರೆಯಾಗಿ ಕೊರೆದ ತೋಡೊಂದಿದ್ದು, ತಲೆಯ ಮೇಲೆ ಬಿದ್ದ ಪೆಟ್ಟನ್ನು ಅದು ಒಂದಿಷ್ಟು ತಿರುವಾಗಿ ಬದಲಿಸುತ್ತದೆ. ಅದೇ ಪೆಟ್ಟು ತುದಿಗೆ ಸಿಕ್ಕಿಸಿದ ಬಿಟ್ಟನ್ನು (ಸ್ಕ್ರೂ ತಿರುಗಿಸುವ ತುಂಡನ್ನು) ಸ್ಕ್ರೂ ತಲೆಯೊಳಗೆ ಒತ್ತಿ ಹಿಡಿಯುವುದರಿಂದ ತಲೆ ಸವೆಯುವುದಿಲ್ಲ, ಜೊತೆಗೆ ಆ ಅದುರುವಿಕೆಗೆ ಥ್ರೆಡ್ಡಿನ ನಡುವಿನ ಪುಡಿ ಬಿರುಕು ಬಿಡುತ್ತದೆ. ಕಾರ್ಬುರೇಟರಿನ ಬದಿಯ ಪ್ಲಸ್ ಸ್ಕ್ರೂಗಳಲ್ಲಿ ಮತ್ತು ಸ್ಟಾರ್ಟರ್ ಕವರಿನ ಚಿಕ್ಕ ಬೋಲ್ಟುಗಳಲ್ಲಿ ಇದರ ಕೆಲಸ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಮೊದಲು ಬಿಗಿಯುವ ದಿಕ್ಕಿಗೆ ಒಂದು ಹಗುರ ಪೆಟ್ಟು, ನಂತರ ಬಿಚ್ಚುವ ದಿಕ್ಕಿಗೆ ಒಂದು ಕೆ.ಜಿ. ಸುತ್ತಿಗೆಯ ನೇರ ಪೆಟ್ಟು ಎಂಬುದು ನನ್ನ ಕ್ರಮ. ಎಂಜಿನ್ನನ್ನು ಗಟ್ಟಿ ಮರದ ದಿಮ್ಮಿಯ ಮೇಲೆ ಮಲಗಿಸಿಕೊಳ್ಳಬೇಕು. ಸ್ಟ್ಯಾಂಡಿನಲ್ಲಿ ತೂಗಾಡುತ್ತಿದ್ದರೆ ಪೆಟ್ಟಿನ ಬಲವೆಲ್ಲ ಸ್ಟ್ಯಾಂಡಿಗೇ ಹೋಗುತ್ತದೆ.

ಆದರೆ ಕೊಳ್ಳುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ತಲೆಯ ಬುಡದಲ್ಲಿ ಹಿಡಿದ ಬೋಲ್ಟಿಗೆ ಈ ಉಪಕರಣ ಸರಿಯಾದ ಮದ್ದು, ಉದ್ದಕ್ಕೂ ಹಿಡಿದ ಬೋಲ್ಟಿಗೆ ಇದರಿಂದ ಹಾನಿಯೇ ಹೆಚ್ಚು. ಥರ್ಮೋಸ್ಟಾಟ್ ಕವರ್, ಎಕ್ಸಾಸ್ಟ್ ಕವರ್ ಮತ್ತು ಗೇರ್ ಕೇಸಿನ ಬೋಲ್ಟುಗಳು ಎರಡನೆಯ ಜಾತಿಯವು. ವ್ಯತ್ಯಾಸವನ್ನು ಕೈಯೇ ಹೇಳುತ್ತದೆ: ‘ಟಕ್’ ಎಂಬ ಸದ್ದಿನೊಡನೆ ಸಡಿಲಗೊಂಡರೆ ಬೋಲ್ಟು ಬಿಟ್ಟುಕೊಟ್ಟಿದೆ; ಸದ್ದಿಲ್ಲದೆ ಮೆತ್ತಗೆ ತಿರುಗಿ, ಕೈ ಬಿಟ್ಟಾಗ ಹಿಂದಕ್ಕೆ ಬಂದರೆ ತಿರುಚಿಕೊಳ್ಳುತ್ತಿರುವುದು ಬೋಲ್ಟಿನ ಮೈ, ಅಲ್ಲಿಗೆ ನಿಲ್ಲಿಸಬೇಕು. ಆರು ಮಿ.ಮೀ. ಬೋಲ್ಟು ಇನ್ನೊಂದೆರಡು ಪೆಟ್ಟಿಗೆ ತುಂಡಾಗುತ್ತದೆ, ತೆಳುವಾದ ಎರಕದ ಕವರು ಅದಕ್ಕೂ ಮುಂಚೆ ಸೀಳಬಹುದು.

ಅಲ್ಲಿ ಕೆಲಸ ಮಾಡುವುದು ಶಾಖ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರೋಮೀಟರ್ ಹಿಗ್ಗಿದರೆ ಸ್ಟೇನ್‌ಲೆಸ್ ಸುಮಾರು 17, ಸಾಧಾರಣ ಉಕ್ಕು ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಸ್ಟೇನ್‌ಲೆಸ್ ಬೋಲ್ಟಿನಲ್ಲಿ ಈ ಅಂತರ ಕಡಿಮೆಯಾದ್ದರಿಂದ ಒಮ್ಮೆ ಬಿಸಿ ಮಾಡಿ ಬಿಡಿಸುವ ಆಸೆ ಸಲ್ಲದು; ಬಿಸಿಗಾಳಿಯ ಗನ್ನಿನಿಂದ ಬೋಲ್ಟಿನ ಸುತ್ತಲಿನ ಮೈಯನ್ನು ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸುವುದನ್ನು ತಾಳ್ಮೆಯಿಂದ ಮಾಡಬೇಕು. ಗ್ಯಾಸ್ ಟಾರ್ಚನ್ನು ನಾನು ಒಪ್ಪುವುದಿಲ್ಲ: 660 ಡಿಗ್ರಿಗೂ ಮೊದಲೇ ಕರಗತೊಡಗುವ ಎರಕದ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಮುನ್ಸೂಚನೆ ಕೊಡದೆ ಕುಸಿಯುತ್ತದೆ. ಪೆಟ್ರೋಲ್ ಟ್ಯಾಂಕು, ಪೈಪುಗಳನ್ನು ಮೊದಲೇ ಕಳಚಿ ದೂರವಿಟ್ಟು, ಸ್ಪ್ರೇಯನ್ನು ಒರೆಸಿ ತೆಗೆದ ಮೇಲಷ್ಟೇ ಯಾವ ಶಾಖವನ್ನಾದರೂ ಹಿಡಿಯಬೇಕು.

ತುಂಡಾದ ಬೋಲ್ಟಿಗೆ ಡ್ರೈವರಿನ ಸಹಾಯವಿಲ್ಲ. ತುಂಡು ಸ್ವಲ್ಪವಾದರೂ ಹೊರಗಿದ್ದರೆ ಅದರ ಮೇಲೆ ನಟ್ಟನ್ನಿಟ್ಟು ವೆಲ್ಡ್ ಮಾಡಿಸುವುದೇ ಒಳ್ಳೆಯದು, ಏಕೆಂದರೆ ವೆಲ್ಡಿಂಗಿನ ಶಾಖವೇ ಒಳಗಿನ ಹಿಡಿತವನ್ನು ಬಿಡಿಸುತ್ತದೆ. ತುಂಡಿನಲ್ಲಿ ತೂತು ಕೊರೆದು ಒಳಗಿಳಿಸಿ, ಬಿಚ್ಚುವ ದಿಕ್ಕಿಗೆ ತಿರುಗಿಸುವ ಈಜಿ ಔಟ್ ಬಗ್ಗೆ ಎಚ್ಚರವಿರಲಿ. ಅದು ಒಳಗೇ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಬಿಟ್ಟಿನಿಂದ ಕೊರೆಯಲಾಗದು.

ಬಾಳಿಕೆಯ ವಿಷಯದಲ್ಲಿ, ಡ್ರೈವರಿನ ಉಕ್ಕಿನ ಮೈ ಮತ್ತು ಒಳಗಿನ ಸ್ಪ್ರಿಂಗು ಇಂದಿಗೂ ಸರಿಯಾಗಿವೆ. ಆಗಾಗ್ಗೆ ಬಿಚ್ಚಿ ಗ್ರೀಸ್ ಹಚ್ಚುತ್ತೇನೆ. ಜೊತೆಗೆ ಬಂದ ಬಿಟ್ಟುಗಳ ಬಗ್ಗೆ ಮಾತ್ರ ಒಳ್ಳೆಯ ಮಾತು ಹೇಳಲಾರೆ: ಅವುಗಳ ಮೂಲೆಗಳು ಬಹುಬೇಗ ಉರುಟಾದವು. ಅದಕ್ಕಿಂತ ಮುಖ್ಯವಾಗಿ, ಜಪಾನಿನ ಹಳೆಯ ಎಂಜಿನ್ನುಗಳ ಪ್ಲಸ್ ಸ್ಕ್ರೂಗಳು ಜಿಸ್ (JIS, ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಪೆಟ್ಟಿಗೆಯಲ್ಲಿ ಬರುವ ಫಿಲಿಪ್ಸ್ ಬಿಟ್ಟು ಅವುಗಳ ತಳದವರೆಗೆ ಕೂರುವುದಿಲ್ಲ. ಜಿಸ್ ಬಿಟ್ಟುಗಳನ್ನೂ, ಇಂಪ್ಯಾಕ್ಟ್ ಕೆಲಸಕ್ಕೆಂದೇ ಮಾಡಿದ ಕಪ್ಪು ಸಾಕೆಟ್ಟುಗಳನ್ನೂ ಬೇರೆಯಾಗಿ ಕೊಂಡ ಮೇಲೆಯೇ ಈ ಡ್ರೈವರು ತನ್ನ ಪೂರ್ಣ ಬೆಲೆ ತೀರಿಸಿತು. ಹೊಳೆಯುವ ಕ್ರೋಮ್ ಸಾಕೆಟ್ಟು ಪೆಟ್ಟು ಬಿದ್ದಾಗ ಸೀಳಿ ಚೂರು ಹಾರುವ ಅಪಾಯವಿದೆ, ಕನ್ನಡಕ ಹಾಕದೆ ಯಾರೂ ಹೊಡೆಯಬಾರದು.

ಮರುಜೋಡಣೆಯಲ್ಲಿ ಪ್ರತಿ ಥ್ರೆಡ್ಡಿಗೂ ನೀರಿಗೆ ತೊಳೆದುಹೋಗದ ಮೆರೈನ್ ಗ್ರೀಸ್ ಹಚ್ಚುತ್ತೇನೆ. ಬೋಲ್ಟು ಹಿಡಿಯದಂತೆ ಹಚ್ಚುವ, ತಾಮ್ರ ಬೆರೆತ ಆ್ಯಂಟಿ-ಸೀಜ್ ಪೇಸ್ಟನ್ನು, ಎಂಜಿನ್ನು ಮತ್ತೆ ಉಪ್ಪುನೀರಿಗೆ ಹೋಗುವುದಿದ್ದರೆ, ಅಲ್ಯೂಮಿನಿಯಂಗೆ ಬಳಸಬಾರದು. ತಾಮ್ರವು ಅದೇ ಕೊರೆತವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.