ಸರ್ಕಾರಿ ಮನೆ ಕೊಡಿಸ್ತೀನಿ ಅಂತ ಶೆಡ್‌ಗೆ ಬರುವವರಿಗೆ ಹೆಬ್ಬೆಟ್ಟು ಕೊಡಬೇಡಿ

ಬೆಂಗಳೂರಿನ ವರ್ತೂರು, ಬೆಳ್ಳಂದೂರು, ತೂಬರಹಳ್ಳಿ, ಥಣಿಸಂದ್ರ ಕಡೆ ತಗಡಿನ ಶೆಡ್‌ಗಳಲ್ಲಿ ಇರುವ ನಮ್ಮ ಯಾದಗಿರಿ, ರಾಯಚೂರು, ಕಲಬುರಗಿಯವರಿಗೆ, ಅದಕ್ಕಿಂತ ಜಾಸ್ತಿ ಅವರ ಓದು ಬಲ್ಲ ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ವಿಷಯ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಮನೆಗೆ ಅರ್ಜಿ ಹಾಕುತ್ತೇನೆ ಅಂತ ಶೆಡ್‌ಗೇ ಬಂದು ಬೆರಳಚ್ಚು ಮೆಷಿನ್ ಮುಂದಿಡುವ ಏಜೆಂಟರಿದ್ದಾರೆ. ಅವರಿಗೆ ಹೆಬ್ಬೆಟ್ಟು ಕೊಟ್ಟರೆ ಕೈಯಲ್ಲಿರುವ ದುಡ್ಡಷ್ಟೇ ಹೋಗುವುದಿಲ್ಲ. ಊರಲ್ಲಿ ನಿಮ್ಮ ಹೆಸರಿಗಿರುವ ಉದ್ಯೋಗ ಖಾತ್ರಿಯ (ನರೇಗಾ) ಕೂಲಿಯೂ ಹೋಗುತ್ತದೆ. ನಮ್ಮ ಮನೆಯಲ್ಲಿ ಎರಡೂ ಹೋದವು.

ನಮ್ಮದು ಯಾದಗಿರಿ ಜಿಲ್ಲೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ನಾಲ್ವರೂ ಮಳೆಗಾಲದ ಬಿತ್ತನೆ ಮುಗಿಸಿ ಬೆಂಗಳೂರಿಗೆ ಗುಳೆ ಹೋಗುವವರು. ಅಪ್ಪ, ಅಣ್ಣ ಗಾರೆ ಕೆಲಸ, ಅಮ್ಮ, ಅತ್ತಿಗೆ ಇಟ್ಟಂಗಿ, ಮರಳು ಹೊರುವುದು. ಇರುವುದು ಖಾಲಿ ಸೈಟಿನಲ್ಲಿ ಹಾಕಿದ ತಗಡಿನ ಶೆಡ್. ಜಾಗದ ಮಾಲೀಕನಿಗೆ ತಿಂಗಳ ಬಾಡಿಗೆ ಕೊಡಬೇಕು, ಆದರೆ ಅದಕ್ಕೆ ಒಂದು ಚೀಟಿಯೂ ಇಲ್ಲ. ನೀರು ಟ್ಯಾಂಕರಿನದು, ಡ್ರಮ್ ಲೆಕ್ಕದಲ್ಲಿ. ಯಾವಾಗ ಎಬ್ಬಿಸುತ್ತಾರೋ ಅನ್ನುವ ಹೆದರಿಕೆ ಬೇರೆ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಅಲ್ಲಿರುವವರು ಬಾಂಗ್ಲಾದೇಶದವರು ಅಂತ ಹೇಳಿ ಶೆಡ್‌ಗಳನ್ನು ಕೆಡವಿದರು. ಅಲ್ಲಿ ನಮ್ಮ ಕಡೆಯವರೂ ಇದ್ದರು. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಅದನ್ನು ಕಂಡವರಿಗೆ, ಕೇಳಿದವರಿಗೆ ಒಂದು ಗಟ್ಟಿ ಗೋಡೆಯ ಮನೆ ಅಂದರೆ ಎಷ್ಟು ಆಸೆ ಇರುತ್ತದೆ ಅಂತ ನಾನು ಬೇರೆ ಹೇಳಬೇಕಿಲ್ಲ.

ಏಜೆಂಟ್ ಬಂದಿದ್ದು ಭಾನುವಾರ. ಬಟವಾಡೆ ಆಗಿ ಎಲ್ಲರೂ ಶೆಡ್‌ನಲ್ಲೇ ಇರುವ ದಿನ. ಮಾತು ನಮ್ಮ ಕಡೆಯದೇ. "ಯಾವ ಊರ ಅವ್ವ?" ಅಂತ ಶುರು ಮಾಡಿ, ನಮ್ಮ ಊರಿನ ಪಕ್ಕದ ಊರಿನವರ ಹೆಸರು ಹೇಳಿ, ಚಹಾ ಕುಡಿದು ಕೂತನಂತೆ. ಕೈಯಲ್ಲಿ ಒಂದು ಫೈಲು, ಅದರಲ್ಲಿ ಬಹುಮಹಡಿ ಮನೆಗಳ ಬಣ್ಣದ ಫೋಟೋಗಳು. ಆ ಕಟ್ಟಡಗಳು ಸುಳ್ಳಲ್ಲ. ಯೋಜನೆಗಳೂ ಸುಳ್ಳಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರಗಳಲ್ಲಿ 2015ರಿಂದ ಇದೆ, ಅದರ ಎರಡನೇ ಹಂತ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದೆ. ಬೆಂಗಳೂರಿಗೆ ಅಂತಲೇ ರಾಜ್ಯ ಸರ್ಕಾರದ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆ ಇದೆ. ಲಾಕ್‌ಡೌನ್‌ನಲ್ಲಿ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದದ್ದನ್ನು ದೇಶವೇ ನೋಡಿದ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆಯನ್ನೂ ತಂದಿತು. ಆತ ಈ ಮೂರನ್ನೂ ಕಲಸಿ ಒಂದೇ ಮಾತಲ್ಲಿ ಹೇಳಿದ್ದ. ಟಿವಿಯಲ್ಲಿ ಕೇಳಿದ ಹೆಸರುಗಳೇ ಆದ್ದರಿಂದ ಶೆಡ್‌ನವರಿಗೆ ಅನುಮಾನ ಬರಲಿಲ್ಲ. ನಿಜವಾದ ಯೋಜನೆಯ ಹೆಸರಲ್ಲಿ ಮಾಡುವ ಮೋಸ ಹಿಡಿಯುವುದು ಬಹಳ ಕಷ್ಟ.

ಮೊದಲು ಅರ್ಜಿಗೆ ಅಂತ ಐದು ಸಾವಿರ. ಆಮೇಲೆ ಫೋನ್ ಮಾಡಿ, ಲಾಟರಿಯಲ್ಲಿ ನಿಮ್ಮ ಹೆಸರು ಬಂದಿದೆ, ಡಿಡಿ ಕಟ್ಟಬೇಕು ಅಂತ ಮೂವತ್ತು ಸಾವಿರ. ಅಣ್ಣ ಆ ಮೂವತ್ತು ಸಾವಿರವನ್ನು ಮೇಸ್ತ್ರಿ ಹತ್ತಿರ ಮುಂಗಡ ತಂದ. ಮುಂಗಡ ಅಂದರೆ ಏನು ಅಂತ ಗುಳೆ ಹೋಗುವವರಿಗೆ ಗೊತ್ತು. ತೀರುವವರೆಗೂ ಬೇರೆ ಕಡೆ ಎಷ್ಟೇ ಒಳ್ಳೆ ಕೂಲಿ ಸಿಕ್ಕರೂ ಆ ಮೇಸ್ತ್ರಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಕೊನೆಗೆ ಕೈಗೆ ಬಂದದ್ದು ಸರ್ಕಾರದ ಲಾಂಛನ ಪ್ರಿಂಟ್ ಹಾಕಿದ ಒಂದು ಹಂಚಿಕೆ ಪತ್ರ. ಲ್ಯಾಮಿನೇಷನ್ ಕೂಡ ಮಾಡಿಸಿದ್ದ. ಅದರ ಮೇಲಿದ್ದ ಅರ್ಜಿ ನಂಬರನ್ನು ನಾನು ವಸತಿ ನಿಗಮದಲ್ಲಿ ವಿಚಾರಿಸಿದಾಗ ಅಂಥ ನಂಬರೇ ಇಲ್ಲ ಅಂತ ಗೊತ್ತಾಯಿತು.

ಹಣದ ಕಥೆ ಇಷ್ಟು. ಹೆಬ್ಬೆಟ್ಟಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿ.

ಸಿಮೆಂಟು, ಮರಳು ಹಿಡಿದು ಹಿಡಿದು ಅಮ್ಮನ ಬೆರಳ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯಲ್ಲೂ ಮೆಷಿನ್ ಬೇಗ ಒಪ್ಪುವುದಿಲ್ಲ. "ಬೆರಳು ಸವದಾವಪ್ಪ, ಹತ್ತಂಗಿಲ್ಲ" ಅಂತ ಅಮ್ಮ ಹೇಳಿದರೂ ಆತ ಬಿಡಲಿಲ್ಲ. ಬಿಸಿನೀರಲ್ಲಿ ಕೈ ತೊಳೆಸಿದ, ವ್ಯಾಸಲೀನ್ ಹಚ್ಚಿಸಿ ಒರೆಸಿದ, ಎರಡೂ ಕೈಯ ಒಂದೊಂದೇ ಬೆರಳು ಇಡಿಸಿದ. ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂತಂತೆ. ಅದಾದ ಮೇಲೆ "ಸರ್ವರ್ ಹೋಯ್ತು, ಇನ್ನೊಮ್ಮೆ ಒತ್ತು" ಅಂತ ಮತ್ತೆ ಮತ್ತೆ ಒತ್ತಿಸಿದ. ಯಾವ ಒತ್ತಿಗೆ ಏನು ಕೆಲಸ ಆಯಿತು ಅಂತ ಅಮ್ಮನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅದರಲ್ಲಿ ಒಂದು ಒತ್ತಿಗೆ ಅಮ್ಮನ ಹೆಸರಲ್ಲಿ ಹೊಸ ಬ್ಯಾಂಕ್ ಖಾತೆ ಓಪನ್ ಆಗಿತ್ತು. ಅಪ್ಪನದ್ದೂ ಹಾಗೆಯೇ. ಬಡ ಕುಟುಂಬ ಅಂತ ತೋರಿಸಬೇಕು ಅಂತ ಹೇಳಿ ಊರಲ್ಲಿದ್ದ ಅಜ್ಜಿಯ ಕೈಯಿಂದ ಉದ್ಯೋಗ ಖಾತ್ರಿಯ ಜಾಬ್ ಕಾರ್ಡನ್ನೂ ಬೇರೆ ಯಾರನ್ನೋ ಕಳಿಸಿ ತರಿಸಿಕೊಂಡಿದ್ದ.

2024ರ ಡಿಸೆಂಬರ್ ಕೊನೆಗೆ ಎಳ್ಳಮಾವಾಸ್ಯೆಗೆ ಎಲ್ಲರೂ ಊರಿಗೆ ಬಂದರು. ಅಪ್ಪನಿಗೆ ಬೆನ್ನು ನೋವು ಜಾಸ್ತಿ ಆಗಿತ್ತು. ಬೇಸಿಗೆವರೆಗೆ ಇಲ್ಲೇ ಖಾತ್ರಿ ಕೆಲಸ ಮಾಡೋಣ ಅಂತ ಅಪ್ಪ, ಅಮ್ಮ ಪಂಚಾಯಿತಿಗೆ ಹೋದರು. "ನಿಮ್ಮ ಕಾರ್ಡಿಗೆ ಈ ವರ್ಷದ ನೂರು ದಿನದ ಕೆಲಸ ಮುಗಿದಿದೆಯಲ್ಲ" ಅಂತ ಉತ್ತರ ಬಂತು. ನಾನು ಮೊಬೈಲ್‌ನಲ್ಲಿ ನರೇಗಾ ವೆಬ್‌ಸೈಟ್ ತೆಗೆದು ನೋಡಿದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಯಾರ ಜಾಬ್ ಕಾರ್ಡ್ ಬೇಕಾದರೂ ತೆರೆಯುತ್ತದೆ. ಅಪ್ಪ, ಅಮ್ಮನ ಹೆಸರಲ್ಲಿ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆದಿದ್ದಾರೆ, ಹೂಳೆತ್ತುವ ಕೆಲಸ, ವಾರ ವಾರ ಹಾಜರಿ. "ನಾ ಬೆಂಗಳೂರಾಗ ಇಟ್ಟಂಗಿ ಹೊತ್ತೀನಿ, ಇಲ್ಲಿ ಕೆರ್ಯಾಗ ಯಾವಾಗ ಮಣ್ಣು ತಗದೆ?" ಅಂತ ಅಮ್ಮ ಕೇಳುತ್ತಲೇ ಇದ್ದಳು. ಹಾಜರಿಗೆ ಫೋಟೋ ತೆಗೆಯುವ ಆ್ಯಪ್ ಬಂದಿದೆ, ನಿಜ. ಆ ಫೋಟೋಗಳಲ್ಲಿ ನಿಂತಿರುವವರು ಬೇರೆ ಯಾರೋ.

ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ನೂರು ದಿನಕ್ಕೆ 34,900. ಆ ದುಡ್ಡು ಅಮ್ಮನ ಹಳೇ ಪಾಸ್‌ಬುಕ್ಕಿಗೆ ಬಂದೇ ಇಲ್ಲ. 2024ರ ಜನವರಿಯಿಂದ ಕೂಲಿಯನ್ನು ಆಧಾರ್ ಮೂಲಕ ಕಳಿಸುವುದು ಕಡ್ಡಾಯವಾಗಿದೆ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆ ಆಗಿರುತ್ತದೋ ಅದಕ್ಕೇ ದುಡ್ಡು ಹೋಗುತ್ತದೆ. ಬೆಂಗಳೂರಿನ ಶೆಡ್‌ನಲ್ಲಿ ಒತ್ತಿಸಿಕೊಂಡ ಬೆರಳು ಯಾಕೆ ಬೇಕಿತ್ತು ಅಂತ ಆಗ ಅರ್ಥವಾಯಿತು.

ನಮ್ಮ ಪಕ್ಕದ ಶೆಡ್‌ನವರಿಗೆ ಇನ್ನೂ ದೊಡ್ಡ ಏಟು ಬಿದ್ದಿದೆ. ಅವರ ಹೆಸರಿಗೆ ಊರಲ್ಲಿ ಆವಾಸ್ ಮನೆ ಮಂಜೂರಾಗಿ, ಕಂತುಗಳೂ ಡ್ರಾ ಆಗಿವೆ. ಅಲ್ಲಿ ಒಂದು ಕಲ್ಲೂ ಇಟ್ಟಿಲ್ಲ. ಹಳ್ಳಿಯ ಆವಾಸ್ ಮನೆಗೆ ಆಗ 1.20 ಲಕ್ಷ ಬರುತ್ತಿತ್ತು, ಜೊತೆಗೆ ನರೇಗಾದ 90 ದಿನದ ಕೂಲಿ. ಅದು ಹೋದದ್ದು ಒಂದು ಕಡೆ. ಕುಟುಂಬದಲ್ಲಿ ಯಾರಿಗೂ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು ಅನ್ನುವುದು ಆವಾಸ್ ಯೋಜನೆಯ ನಿಯಮ. ಈಗ ದಾಖಲೆಯಲ್ಲಿ ಅವರಿಗೆ ಮನೆ ಇದೆ. ನಿಜವಾಗಿ ಅರ್ಜಿ ಹಾಕಿದರೂ ತಿರಸ್ಕಾರ ಆಗುತ್ತದೆ.

ನನಗೆ ಸಿಟ್ಟು ಬರುವುದು ಬರೀ ಏಜೆಂಟ್ ಮೇಲೆ ಅಲ್ಲ. ಕೆಲಸದ ಖಾತ್ರಿ ಇರುವುದು ಹಳ್ಳಿಯಲ್ಲಿ. ಜನ ಇರುವುದು ಪೇಟೆಯಲ್ಲಿ. ಪೇಟೆಯ ಮನೆ ಕೇಳಿದರೆ ಪೇಟೆಯಲ್ಲಿ ವಾಸ ಇರುವ ಪುರಾವೆ ತಾ ಅಂತಾರೆ. ಶೆಡ್ ಮಾಲೀಕ ಬಾಡಿಗೆ ಕರಾರು ಕೊಡಲ್ಲ, ಆಧಾರ್‌ನಲ್ಲಿ ಊರಿನ ವಿಳಾಸ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ ನಮ್ಮವರಿಗೆ ತಾಗುತ್ತಿರಲಿಲ್ಲ. ಯಾದಗಿರಿಯಿಂದ ಬೆಂಗಳೂರಿಗೆ ಬಂದವರು ರಾಜ್ಯದ ಗಡಿ ದಾಟಿಲ್ಲ ಅಲ್ವಾ! ಎರಡೂ ಕಡೆ ಅರ್ಧರ್ಧ ಇರುವ ಈ ಜನರ ಕಾಗದ ಪತ್ರ ಹಿಡಿದು ಓಡಾಡುವವನು ಏಜೆಂಟ್ ಒಬ್ಬನೇ. ಅದೇ ಅವನ ಬಂಡವಾಳ. ಕಚೇರಿಗಳು ಭಾನುವಾರ ಶೆಡ್‌ಗೆ ಬಂದು ಅರ್ಜಿ ತೆಗೆದುಕೊಂಡರೆ ಇವನಿಗೆ ಕೆಲಸವೇ ಇರುವುದಿಲ್ಲ.

ಅದು ಆಗುವವರೆಗೆ ನಾವು ಮಾಡಬಹುದಾದದ್ದು ಹೇಳುತ್ತೇನೆ. ಮೊದಲು, ನಿಮ್ಮ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆ ಆಗಿದೆ ನೋಡಿ. ಮೈ ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಅದರಲ್ಲಿ ನಿಮಗೆ ಗೊತ್ತಿಲ್ಲದ ಬ್ಯಾಂಕಿನ ಹೆಸರು ಕಂಡರೆ ಹಳೇ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಫಾರ್ಮ್ ತುಂಬಿ ಕೊಡಿ. ನಮ್ಮಲ್ಲಿ ಇದೊಂದು ಕೆಲಸ ಮಾತ್ರ ಬೇಗ ಆಯಿತು. ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ನಿಮ್ಮದೇನಾ ಅಂತಲೂ ನೋಡಿ, ಏಜೆಂಟ್ ತನ್ನದೇ ನಂಬರ್ ಹಾಕಿಸಿರಬಹುದು. ನಂಬರ್ ನಿಮ್ಮದೇ ಆಗಿದ್ದರೆ ಅದೇ ಮೈ ಆಧಾರ್ ವೆಬ್‌ಸೈಟ್‌ನಲ್ಲಿ ಬೆರಳಚ್ಚು ಲಾಕ್ ಮಾಡಿ, ರೇಷನ್ ತರುವಾಗ ತೆಗೆಯಿರಿ. ಅನುಮಾನ ಇದ್ದರೆ ಆಧಾರ್ ಸಹಾಯವಾಣಿ 1947.

ಜಾಬ್ ಕಾರ್ಡ್ ನಿಮ್ಮ ಮನೆಯಲ್ಲೇ ಇರಬೇಕು. ಕಾಯಕ ಬಂಧು (ಕೂಲಿ ತಂಡದ ಮುಂದಾಳು) ಹತ್ತಿರ, ಪಂಚಾಯಿತಿ ಮೆಂಬರ್ ಹತ್ತಿರ, ಕಂಟ್ರಾಕ್ಟರ್ ಹತ್ತಿರ ಇಡಬೇಡಿ. ಅಂದ ಹಾಗೆ ನರೇಗಾ ಕಾಯ್ದೆಯಲ್ಲಿ ಕಂಟ್ರಾಕ್ಟರ್‌ಗೆ ಜಾಗವೇ ಇರಲಿಲ್ಲ. ಕೆಲಸ ಬೇಕು ಅಂತ ಬಾಯಲ್ಲಿ ಕೇಳಬೇಡಿ, ಕೆಲಸದ ಅರ್ಜಿ ಬರೆದು ಕೊಟ್ಟು ತಾರೀಖು ಹಾಕಿದ ರಸೀದಿ ಇಸ್ಕೊಳ್ಳಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇತ್ತು. ರಸೀದಿ ಇಲ್ಲದೆ ಅದು ಸಿಗುವುದಿಲ್ಲ.

ಬೆಂಗಳೂರಿನ ಕೆಲಸದ ಹಾಜರಿ ಎಲ್ಲಾದರೂ ಬರೆದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ನಮಗೆ ಕೈ ಹಿಡಿದದ್ದು ಅದೇ. ಸೈಟಿನ ಗೇಟ್ ಪುಸ್ತಕದಲ್ಲಿ ಅಮ್ಮನ ಹೆಸರಿದ್ದ ದಿನವೇ ಊರಿನ ಎನ್‌ಎಂಆರ್‌ನಲ್ಲೂ ಹಾಜರಿ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ತಾಲ್ಲೂಕು ಪಂಚಾಯಿತಿಗೆ, ಜಿಲ್ಲೆಯಲ್ಲಿ ನರೇಗಾ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಖಾತ್ರಿ ಕೆಲಸದ ಲೆಕ್ಕವನ್ನು ಊರವರ ಮುಂದೆ ಇಡುವ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಅಮ್ಮನೇ ಎದ್ದು ನಿಂತು ಕೇಳಿದಳು. ವಿಚಾರಣೆ ನಡೆಯುತ್ತಿದೆ, ದುಡ್ಡು ಇನ್ನೂ ಬಂದಿಲ್ಲ. ಏಜೆಂಟ್ ಫೋನ್ ಸ್ವಿಚ್ ಆಫ್. ನಿಮಗೆ ಮೋಸ ಆಗಿದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ವಕೀಲರ ಖರ್ಚಿಗೆ ಹೆದರಿ ಸುಮ್ನೆ ಕೂರಬೇಡಿ. ಉಚಿತ ಕಾನೂನು ನೆರವಿಗೆ 15100 ಇದೆ.

ಮನೆ ವಿಷಯಕ್ಕೆ ಬಂದರೆ, ಅರ್ಜಿಯನ್ನು ನೀವೇ ಹಾಕಬಹುದು. ಫಲಾನುಭವಿ ಕಟ್ಟಬೇಕಾದ ದುಡ್ಡು ವಸತಿ ನಿಗಮದ ಖಾತೆಗೆ ಹೋಗಬೇಕು, ಯಾರ ಕೈಗೂ ಅಲ್ಲ, ಯಾರ ಫೋನ್‌ಪೇಗೂ ಅಲ್ಲ.

ಇನ್ನೊಂದು ವಿಷಯಕ್ಕೆ ಈಗಲೇ ಎಚ್ಚರ ಆಗಿರಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಹೊಸ ಕಾಯ್ದೆ ತಂದಿದೆ, ನೂರರ ಬದಲು 125 ದಿನ ಅಂತ. ಹೊಸ ಕಾಯ್ದೆ, ಹೊಸ ಕಾರ್ಡ್, ಬೆರಳು ಒತ್ತಿ ಅಂತ ಹೇಳಿಕೊಂಡು ಶೆಡ್‌ಗಳಿಗೆ ಬರಲು ಇಂಥವರಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಿಲ್ಲ. ಕಾರ್ಡಿನ ಕೆಲಸ ಏನಿದ್ದರೂ ಊರಿನ ಪಂಚಾಯಿತಿಯಲ್ಲೇ ಮಾಡಿಸಿ.

ಶೆಡ್‌ನಲ್ಲಿ ಇರುವ ಹೆಚ್ಚಿನವರು ಇದನ್ನು ಓದಲಾರರು. ನಿಮ್ಮ ಮನೆಯವರು, ಊರಿನವರು, ನಿಮ್ಮ ಪಕ್ಕದ ಸೈಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಈ ಭಾನುವಾರ ಹೋಗಿ ಓದಿ ಹೇಳಿ. ಅವರ ಮುಂದೆಯೇ ಕೂತು ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆ ಆಗಿದೆ ಅಂತ ನೋಡಿಕೊಡಿ. ಓಟಿಪಿ ಅವರ ಮೊಬೈಲ್‌ಗೇ ಬರಲಿ, ಅವರೇ ಓದಲಿ, ಬೆರಳಚ್ಚು ಬೇಕಾಗುವುದೇ ಇಲ್ಲ.