ಕ್ಲೌನ್ ಮೀನಿಗೆ ನೆರೆಯವರು: ಡಾಟಿಬ್ಯಾಕ್, ಸಿಕ್ಸ್‌ಲೈನ್ ರಾಸ್, ರಾಯಲ್ ಗ್ರಾಮಾ

ಸುಮಾರು 200 ಲೀಟರಿನ ನನ್ನ ಹವಳದ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್ ಮತ್ತು ಎರಡು ಕ್ಲೀನರ್ ಸೀಗಡಿಗಳು ನೆಮ್ಮದಿಯಾಗಿದ್ದವು. ಇವುಗಳ ನಡುವೆ ಗಾಢ ಬಣ್ಣದ ಇನ್ನೊಂದು ಮೀನು ಇರಲೆಂದು ಮೂರು ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ಮೂರು ಜಾತಿಗಳನ್ನು ಇಟ್ಟು ನೋಡಿದೆ. ಮೂರೂ ಹವಳದ ತಂಟೆಗೆ ಹೋಗುವುದಿಲ್ಲ. ಆದರೆ ಹವಳದೊಡನೆ ಹೊಂದಿಕೊಳ್ಳುವ ಮೀನು ನೆರೆಯ ಮೀನಿನೊಡನೆಯೂ ಹೊಂದಿಕೊಳ್ಳುತ್ತದೆ ಎಂದು ನಂಬಿದ್ದು ನನ್ನ ತಪ್ಪು.

ಮೊದಲು ಬಂದದ್ದು ಡಾಟಿಬ್ಯಾಕ್, ಅದೂ ಅಂಗಡಿಯವರು ರಾಯಲ್ ಗ್ರಾಮಾ ಎಂದೇ ಕೊಟ್ಟದ್ದು. ಎರಡಕ್ಕೂ ಮುಂಭಾಗ ನೇರಳೆ, ಹಿಂಭಾಗ ಹಳದಿ. ಗ್ರಾಮಾದಲ್ಲಿ ನೇರಳೆಯು ಚುಕ್ಕೆಚುಕ್ಕೆಯಾಗಿ ಹಳದಿಯೊಳಗೆ ಕರಗುತ್ತದೆ ಮತ್ತು ಬೆನ್ನಿನ ರೆಕ್ಕೆಯ ಮುಂತುದಿಯಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣಗಳೂ ಚಾಕುವಿನಿಂದ ಕೊಯ್ದಂತೆ ಬೇರೆಯಾಗಿದ್ದು, ರೆಕ್ಕೆ ಪಾರದರ್ಶಕವಾಗಿರುತ್ತದೆ. (ಗ್ರಾಮಾ ಕೆರಿಬಿಯನ್ ಕಡಲಿನದು, ಡಾಟಿಬ್ಯಾಕ್ ಪಶ್ಚಿಮ ಪೆಸಿಫಿಕ್‌ನದು, ಸಮುದ್ರದಲ್ಲಿ ಇವು ಮುಖಾಮುಖಿಯಾಗುವುದೇ ಇಲ್ಲ.) ಮೂರು ವಾರಗಳಲ್ಲಿ ಫೈರ್‌ಫಿಶ್‌ನ ಬಾಲ ಹರಿದುಹೋಯಿತು, ಅದು ಆಹಾರಕ್ಕೂ ಹೊರಬರದಾಯಿತು. ಸೀಗಡಿಯೊಂದು ಪೊರೆ ಕಳಚಿ ಮೆತ್ತಗಿದ್ದ ರಾತ್ರಿಯೇ ಕಾಣೆಯಾಯಿತು. ಬೆಳಿಗ್ಗೆ ಸಿಕ್ಕಿದ್ದು ಎರಡು ಮೀಸೆಗಳು ಮಾತ್ರ. ಬಲೆಗೆ ಬೀಳದೆ ಕಲ್ಲುಗಳ ಸಂದಿನಲ್ಲಿ ಮಾಯವಾಗುತ್ತಿದ್ದ ಆ ಮೀನನ್ನು ಕೊನೆಗೆ, ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ ಒಳಮುಖವಾಗಿ ಸಿಕ್ಕಿಸಿ, ಒಳಗೆ ಮೈಸಿಸ್ (ಮೀನಿಗೆ ಹಾಕುವ, ಸೀಗಡಿಯಂಥ ಪುಟ್ಟ ಜೀವಿಗಳು) ಇಟ್ಟು ಹಿಡಿದೆ.

ಸಿಕ್ಸ್‌ಲೈನ್ ರಾಸ್ ಇದಕ್ಕಿಂತ ಎಷ್ಟೋ ಉಪಯುಕ್ತ ಮೀನು. ದಿನವಿಡೀ ಕಲ್ಲುಗಳನ್ನು ತಡಕುತ್ತ ಚಪ್ಪಟೆ ಹುಳುಗಳನ್ನು ಹೆಕ್ಕಿ ತಿನ್ನುತ್ತಿತ್ತು, ಮೊದಲಿನಿಂದ ಇದ್ದವರನ್ನು ಮುಟ್ಟಲೂ ಇಲ್ಲ. ಎಂಟು ತಿಂಗಳ ಮೇಲೆ ನಾನು ಬಿಟ್ಟ ಪುಟ್ಟ ಗೋಬಿ ಮೀನನ್ನು ಮಾತ್ರ ಎರಡು ದಿನ ಮೂಲೆಯಿಂದ ಅಲುಗಾಡಲು ಬಿಡಲಿಲ್ಲ. ರಾಸ್ ಅನ್ನು ಟ್ಯಾಂಕಿಗೆ ಎಲ್ಲರಿಗಿಂತ ಕೊನೆಗೆ ಬಿಡಬೇಕು. ನಂತರ ಹೊಸ ಮೀನಿನ ಆಸೆಯನ್ನೂ ಬಿಡಬೇಕು. ಗೋಬಿಯನ್ನು ಉಳಿಸಿಕೊಳ್ಳಲು ರಾಸ್ ಅನ್ನೇ ಬೇರೆಯವರ ಟ್ಯಾಂಕಿಗೆ ಕಳುಹಿಸಿದೆ.

ಈಗ ಇರುವುದು ನಿಜವಾದ ರಾಯಲ್ ಗ್ರಾಮಾ. ಕಲ್ಲಿನ ಚಾಚಿನ ಕೆಳಗೆ ಹೊಟ್ಟೆ ಮೇಲಾಗಿ ತೇಲುವುದನ್ನು ಮೊದಲ ಸಲ ಕಂಡಾಗ ಸತ್ತಿದೆಯೆಂದೇ ಹೆದರಿದ್ದೆ. ಮೇಲಿನ ಕಲ್ಲನ್ನೇ ನೆಲವೆಂದು ಭಾವಿಸಿ ಅದರತ್ತ ಹೊಟ್ಟೆ ಮಾಡಿಕೊಂಡಿರುವುದು ಇದರ ಸಹಜ ರೀತಿ. ಗುಹೆಯ ಬಾಯಿಗೆ ಕ್ಲೌನ್ ಮೀನು ಬಂದರೆ ಬಾಯಿಯನ್ನು ಅಗಲವಾಗಿ ತೆರೆದು ಬೆದರಿಸುತ್ತದೆಯೇ ಹೊರತು ಒಂದು ಗೇಣು ದೂರವೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಬೆದರಿದಾಗ ಗ್ರಾಮಾ, ಫೈರ್‌ಫಿಶ್ ಎರಡೂ ನೀರಿನಿಂದ ಹೊರಕ್ಕೆ ನೆಗೆಯುವುದರಿಂದ ಟ್ಯಾಂಕಿನ ಮೇಲೆ ಸಣ್ಣ ಕಣ್ಣಿನ ಜಾಲರಿ ಹಾಕಿದ್ದೇನೆ. ಉಳಿದ ಒಂಟಿ ಸೀಗಡಿ ಈಗ ಅದೇ ಗುಹೆಯಲ್ಲಿ ಪೊರೆ ಕಳಚುತ್ತದೆ.