ನೋಟ್ಸ್ ಹುಡುಕುವ ಟೂಲ್, ಏಜೆಂಟ್‌ಗೆ ಬರೆದುಕೊಟ್ಟ ಒಂದು ಪುಟ: 14 ತಿಂಗಳ ಬಳಕೆಯ ನಂತರ

ಉಡುಪಿಯ ಆಸುಪಾಸಿನಲ್ಲಿ ಯಕ್ಷಗಾನದ ಆಟ, ತಾಳಮದ್ದಳೆ ನೋಡಿ ಬಂದ ರಾತ್ರಿಯೇ ನಾಲ್ಕು ಸಾಲು ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಯಾವ ಮೇಳ, ಯಾರ ಭಾಗವತಿಕೆ, ಯಾವ ಪದ್ಯಕ್ಕೆ ಯಾರು ಹೇಗೆ ಅರ್ಥ ಹೇಳಿದರು, ಎಲ್ಲ ಮಾರ್ಕ್‌ಡೌನ್ ಫೈಲ್‌ಗಳಲ್ಲಿದೆ. ಮನೆಯ ಲೆಕ್ಕ, ಅಮ್ಮನ ಔಷಧಿ ಚೀಟಿಯೂ ಅದೇ ಫೋಲ್ಡರ್‌ನಲ್ಲಿದೆ. ಫೈಲ್‌ಗಳು 2,000 ದಾಟಿದ ಮೇಲೆ ಕಮಾಂಡ್ ಲೈನ್‌ನ ಒಂದು ಉಚಿತ ಟೂಲ್ ಹಾಕಿಕೊಂಡೆ. ಎಂಸಿಪಿ (ಟೂಲ್‌ಗಳನ್ನು ಎಐಗೆ ಜೋಡಿಸುವ ಒಂದು ವ್ಯವಸ್ಥೆ) ಮೂಲಕ ಅದನ್ನು ಎಐ ಏಜೆಂಟ್‌ಗೆ ಜೋಡಿಸಿದೆ. ನಾನು ಕೇಳುತ್ತೇನೆ, ಏಜೆಂಟ್ ಟೂಲ್‌ನಲ್ಲಿ ಹುಡುಕಿ ಉತ್ತರ ಕೊಡುತ್ತದೆ. ಟೂಲ್‌ನ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ತೊಂದರೆ ಇದೊಂದರದ್ದೇ ಅಲ್ಲ.

ಮೊದಲ ತಿಂಗಳು ಬೇಸರವೇ ಜಾಸ್ತಿ. "ಬ್ರಹ್ಮಾವರದ ಆ ಆಟದ್ದು ಬರೆದಿಟ್ಟಿದ್ದೆ ಅಲ್ವಾ, ಎಂತ ಮಾರಾಯ, ಎಲ್ಲಿ ಹೋಯ್ತು?" ಎಂದು ಮಾವ ಕೇಳಿದರು. ಏಜೆಂಟ್ ಒಂದೇ ಸಲ ಹುಡುಕಿ, ಅಂಥ ಟಿಪ್ಪಣಿ ಇಲ್ಲ ಎಂದು ಹೇಳಿಬಿಟ್ಟಿತು. ಟಿಪ್ಪಣಿ ಇತ್ತು. ಇನ್ನೊಂದು ದಿನ 'ಮೇಳ' ಎಂದು ಹುಡುಕಿದರೆ ಅಮ್ಮನ ಮೂಳೆ ಡಾಕ್ಟರ ಚೀಟಿ ಮೇಲೆ ಬಂತು.

ಕಾರಣ ತಿಳಿಯಲು ಎರಡು ವಾರ ಹಿಡಿಯಿತು. ಟೂಲ್‌ನ ಒಳಗಿರುವುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ ಪದ ಹುಡುಕಿಕೊಡುವ ಭಾಗ, ಎಫ್‌ಟಿಎಸ್5. ಅದರಲ್ಲಿ ಪದ ಬಿಡಿಸುವ ಯುನಿಕೋಡ್61 ಎಂಬ ಟೋಕನೈಸರ್, ನಾವು ಏನೂ ಬದಲಿಸದಿದ್ದರೆ, ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ಕನ್ನಡದ ಗುಣಿತದ ಚಿಹ್ನೆಗಳು ಯುನಿಕೋಡ್‌ನಲ್ಲಿ ಬೇರೆ ಗುಂಪು. ಹಾಗಾಗಿ ಕೊಂಬು, ಏತ್ವ ಬಂದಲ್ಲೆಲ್ಲ ಪದ ತುಂಡಾಗುತ್ತದೆ. 'ಮೇಳ' ಅದಕ್ಕೆ 'ಮ', 'ಳ'. 'ಮೂಳೆ'ಯೂ 'ಮ', 'ಳ'.

ಸರಿಮಾಡುವುದು ಕಷ್ಟ ಅಲ್ಲ. 2020ರ ಡಿಸೆಂಬರ್‌ನಲ್ಲಿ ಬಂದ 3.34 ಆವೃತ್ತಿಯಿಂದ ಎಸ್‌ಕ್ಯೂಲೈಟ್‌ನಲ್ಲಿ ಟ್ರೈಗ್ರಾಂ ಎಂಬ ಟೋಕನೈಸರ್ ಇದೆ. ಅದು ಮೂರು ಮೂರು ಚಿಹ್ನೆಗಳ (ಅಕ್ಷರವೂ ಒಂದು ಚಿಹ್ನೆ, ಅದರ ಗುಣಿತದ ಗುರುತೂ ಒಂದು ಚಿಹ್ನೆ) ತುಣುಕು ಮಾಡಿ ಇಟ್ಟುಕೊಳ್ಳುತ್ತದೆ. ಪದದ ಒಳಗಿನ ಭಾಗವನ್ನೂ ಹುಡುಕುತ್ತದೆ. ವಿಭಕ್ತಿ ಅಂಟಿಕೊಳ್ಳುವ ನಮ್ಮ ಭಾಷೆಗೆ ಇದು ತುಂಬಾ ಒಳ್ಳೆಯದು. 'ಕಟೀಲ' ಎಂದು ಕೊಟ್ಟರೆ ಕಟೀಲು, ಕಟೀಲಿನಲ್ಲಿ, ಕಟೀಲಿಗೆ ಎಲ್ಲ ಸಿಗುತ್ತವೆ. ಆದರೆ ಮೂರು ಚಿಹ್ನೆಗಿಂತ ಚಿಕ್ಕದನ್ನು ಕೊಟ್ಟರೆ ಏನೂ ಬರುವುದಿಲ್ಲ. ನಮ್ಮಲ್ಲಿ ಯಕ್ಷಗಾನ ಅಂತ ದಿನಾ ಯಾರು ಹೇಳುತ್ತಾರೆ? 'ಆಟ' ಎನ್ನುತ್ತೇವೆ. ಅದು ಎರಡೇ ಚಿಹ್ನೆ!

ಇದೆಲ್ಲ ನನಗೆ ಗೊತ್ತಾಯಿತು, ಏಜೆಂಟ್‌ಗೆ ಹೇಗೆ ಗೊತ್ತಾಗಬೇಕು? ಟೂಲ್ ಜೊತೆ ಬಂದ ಸೂಚನೆ ಮನುಷ್ಯರಿಗಾಗಿ ಬರೆದದ್ದು. ಕಮಾಂಡ್‌ಗಳ ಪಟ್ಟಿ ಇದೆ. ಯಾವಾಗ ಯಾವುದು, ಸಿಗದಿದ್ದರೆ ಮುಂದೇನು ಎಂಬುದಿಲ್ಲ. ಹಾಗಾಗಿ ನಾನೇ ಒಂದು ಪುಟ ಬರೆದೆ. ಮೊದಲ ಸಾಲೇ ಇದು: "ಒಂದು ಸಲ ಸಿಗದಿದ್ದರೆ ಇಲ್ಲ ಎನ್ನಬೇಡ. ಕೊನೆಯ ಸ್ವರ ಬಿಟ್ಟು ಮತ್ತೆ ಹುಡುಕು." ಆಮೇಲೆ ಕಾಗುಣಿತದ ಜೋಡಿಗಳು. ಚೆಂಡೆ ಎಂದೂ ಬರೆದಿದ್ದೇನೆ, ಚಂಡೆ ಎಂದೂ ಬರೆದಿದ್ದೇನೆ. ಎರಡನ್ನೂ ಹುಡುಕು ಎಂದೆ. 'ಆಟ'ಕ್ಕೆ ಮಾತ್ರ ಫೈಲ್‌ಗಳಲ್ಲೇ ನೇರವಾಗಿ ಹುಡುಕುವ ರಿಪ್‌ಗ್ರೆಪ್ ಎಂಬ ಕಮಾಂಡ್ ಬಳಸು, ಇಡೀ ಪದ ಹುಡುಕುವ ಡಬ್ಲ್ಯು ಆಯ್ಕೆ ಹಾಕು ಎಂದು ಕಮಾಂಡನ್ನೇ ಬರೆದುಕೊಟ್ಟೆ. ಅದಿಲ್ಲದಿದ್ದರೆ ಆಟೋ ಬಾಡಿಗೆಯ ಲೆಕ್ಕವೂ ಬರುತ್ತದೆ. ಆಟದ, ಆಟಕ್ಕೆ ಎಂಬವುಗಳಿಗೆ ಟ್ರೈಗ್ರಾಂ ಸಾಕು.

ಇಡೀ ಫೈಲ್ ತೆರೆಯಬೇಡ, ಸಿಕ್ಕ ಸಾಲಿನ ಮೇಲೆ ಕೆಳಗೆ ಐದೈದು ಸಾಲು ಓದು ಎಂದೂ ಹಾಕಿದ್ದೇನೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ (ಮಾಡೆಲ್ ಬರಹವನ್ನು ಒಡೆದು ಓದುವ ತುಣುಕು) ಖರ್ಚಾಗುತ್ತದೆ. ಸುಮ್ನೆ ಫೈಲ್ ತುಂಬಿಸಿದರೆ ಹಣವೂ ಹೋಗುತ್ತದೆ, ಕೇಳಿದ್ದೂ ಮರೆತುಹೋಗುತ್ತದೆ. ಉತ್ತರದಲ್ಲಿ ಫೈಲ್ ಹೆಸರು, ತಾರೀಕು ಇರಲೇಬೇಕು ಎಂಬ ಸಾಲನ್ನು ನಾನು ಯಾವತ್ತೂ ತೆಗೆಯುವುದಿಲ್ಲ. ಒಬ್ಬ ಕಲಾವಿದರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿದರೆ ಅದು ಅನ್ಯಾಯ. ತೆರೆದು ನೋಡಲು ನನಗೆ ದಾರಿ ಇರಬೇಕು.

ಅರ್ಥ ಹಿಡಿದು ಹುಡುಕುವ ಎಂಬೆಡಿಂಗ್ ಸೌಲಭ್ಯವೂ ಇದೆ. ಮಹಿಷಾಸುರ ಬರುವಾಗಿನ ಬೆಂಕಿ ಎಂದು ಕೇಳಿದಾಗ, ಬೆಂಕಿ ಎಂಬ ಪದವೇ ಇಲ್ಲದ, ದೀವಟಿಗೆ ಮತ್ತು ರಾಳದ ಹುಡಿಯ ಟಿಪ್ಪಣಿ ತಂದುಕೊಟ್ಟಿತು. ತುಂಬಾ ಖುಷಿಯಾಯಿತು. ತುಳು ಬೆರೆತ ಸಾಲುಗಳಲ್ಲಿ ಮಾತ್ರ ನನಗೆ ಪ್ರಯೋಜನಕ್ಕೆ ಬರಲಿಲ್ಲ. ಹಾಗಾಗಿ ಮೊದಲು ಪದ, ಆಮೇಲೆ ಅರ್ಥ ಎಂಬ ಕ್ರಮವನ್ನು ಪುಟದಲ್ಲಿ ಬರೆದಿದ್ದೇನೆ.

ಟೂಲ್‌ಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ವೇಗವಾಗಿದೆ, ಹುಡುಕಾಟಕ್ಕೆ ಇಂಟರ್ನೆಟ್ ಬೇಡ, ಫೈಲ್‌ಗಳು ನನ್ನ ಹತ್ತಿರವೇ ಇರುತ್ತವೆ. ಅದರ ಸೂಚನೆಗೆ ಎರಡು. ನೀವು ಕನ್ನಡದಲ್ಲಿ ನೋಟ್ಸ್ ಇಡುವವರಾದರೆ ಹಾಕಿದ ದಿನವೇ 'ಮೇಳ'ದಂಥ ಚಿಕ್ಕ ಪದ ಕೊಟ್ಟು ನೋಡಿ. ಏಜೆಂಟ್ ತಪ್ಪಿದಾಗಲೆಲ್ಲ ಪುಟಕ್ಕೆ ಒಂದು ಸಾಲು ಸೇರಿಸಿ. ನನ್ನದು ಈಗ 41 ಸಾಲು.

ಯುನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಬರೆದ ನನ್ನ ಹಳೆಯ ಟಿಪ್ಪಣಿಗಳು ಮಾತ್ರ ಇನ್ನೂ ಹುಡುಕಾಟಕ್ಕೆ ಸಿಗುತ್ತಿಲ್ಲ. ಪತ್ತನಾಜೆ ಕಳೆದು ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ, ಮಳೆಯಲ್ಲಿ ಕೂತು ಒಂದೊಂದನ್ನೇ ಯುನಿಕೋಡ್‌ಗೆ ತರುತ್ತಿದ್ದೇನೆ.